ಮೂಲೆ ರೂಮಿನವನ ಹೆಂಡತಿ

ನನ್ನ ಗಂಡನಿಗೆ ಐದು ಜನ ಅಣ್ಣತಮ್ಮಂದಿರು. ಒಬ್ಬನೂ ನನ್ನ ಅತ್ತೆ ಹೆತ್ತವನಲ್ಲ. ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಒಂದೇ ಸಾಲಿನ ಆರು ರೂಮುಗಳಲ್ಲಿ ನಾಲ್ಕು ವರ್ಷ ಇದ್ದವರು. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈ-ಟು-ಕೆ ಗಡಿಬಿಡಿಯಲ್ಲಿ ಒಬ್ಬನ ಹಿಂದೆ ಒಬ್ಬ ನ್ಯೂಜೆರ್ಸಿಗೆ ಬಂದು ಮತ್ತೆ ಒಟ್ಟಾದವರು. ನಾವು ಕೆಂಡಲ್ ಪಾರ್ಕ್‌ನಲ್ಲಿ, ಒಬ್ಬ ಸಮರ್‌ಸೆಟ್‌ನಲ್ಲಿ, ಒಬ್ಬ ಮನ್ರೋದಲ್ಲಿ, ಉಳಿದವರೂ ಅರ್ಧ ಗಂಟೆಯ ಡ್ರೈವ್‌ನೊಳಗೆ. ನನ್ನ ಗಂಡನ ಅಮೆರಿಕನ್ ಮ್ಯಾನೇಜರ್ ಐವತ್ತು ದಾಟಿದ ಮೇಲೂ ಫ್ರಟರ್ನಿಟಿ ಎಂಬ ಕಾಲೇಜು ಗೆಳೆಯರ ಸಂಘದ ಉಂಗುರ ತೊಟ್ಟು ಓಡಾಡುವವನು. ವರ್ಷಕ್ಕೊಮ್ಮೆ ರಜೆ ಹಾಕಿ ಹಳೇ ಗೆಳೆಯರ ಜೊತೆ ಕಾಲೇಜಿಗೆ ಹೋಗಿ ಬರುತ್ತಿದ್ದ. ಇವರ ಕಥೆ ಕೇಳಿ, ನಿಮ್ಮದೂ ನಮ್ಮ ಹಾಗೇ ಬಿಡು ಎಂದನಂತೆ. ಇವರಿಗೆ ಅಂದು ಪ್ರಮೋಷನ್ ಸಿಕ್ಕಷ್ಟು ಖುಷಿ. ನನಗೆ ಮೈಯೆಲ್ಲ ಉರಿ.

ಹೊಟ್ಟೆಕಿಚ್ಚು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಆ ಗಂಡಸರಲ್ಲಿ ಒಬ್ಬನಿಗೆ ಜ್ವರ ಬಂದರೆ ಐದು ಮನೆಯಿಂದ ಸಾರು ಹೋಗುತ್ತಿತ್ತು. ಒಬ್ಬನ ಕಾಂಟ್ರಾಕ್ಟ್ ಮುಗಿದರೆ ಐವರು ರೆಸ್ಯೂಮೆ ಹಿಡಿದು ಓಡುತ್ತಿದ್ದರು. ಹಾಸ್ಟೆಲ್‌ಗೆ ಕಂಪ್ಯೂಟರ್ ಕಳಿಸಬೇಕು, ಮೆಸ್ಸಿನ ಸೂರು ರಿಪೇರಿ ಮಾಡಿಸಬೇಕು ಎಂದು ಭಾನುವಾರವೆಲ್ಲ ಮೀಟಿಂಗ್. ನಮ್ಮನೆಯ ಬಚ್ಚಲ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿದ್ದದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದರೆ ಇದೇ.

ನಾನೂ ಅದೇ ಕಾಲೇಜಿನವಳು ಎಂಬುದು ಅವರಿಗೆ ಆಗಾಗ ಮರೆತುಹೋಗುತ್ತಿತ್ತು. ಇವರಿಗಿಂತ ಎರಡು ವರ್ಷ ಚಿಕ್ಕವಳು. ಓದುವಾಗ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ಮದುವೆ ಆದದ್ದು ಜಾತಕ ನೋಡಿ. ಡಿಸ್ಟಿಂಕ್ಷನ್‌ನಲ್ಲಿ ಪಾಸಾಗಿ, ಡಿಪೆಂಡೆಂಟ್ ವೀಸಾದಲ್ಲಿ ಬಂದು, ಕೆಲಸ ಮಾಡುವಂತಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದೆ. ಹಳೇ ವಿದ್ಯಾರ್ಥಿಗಳ ಊಟ ಒಮ್ಮೆ ಸಮರ್‌ಸೆಟ್‌ನಲ್ಲಿ ಆದಾಗ ಬಾಗಿಲಲ್ಲಿ ನನ್ನ ಎದೆಗೊಂದು ಚೀಟಿ ಅಂಟಿಸಿದರು. ಅದರ ಮೇಲೆ 'ಸ್ಪೌಸ್' ಎಂದು ಬರೆದಿತ್ತು. ನಾನು ಅದನ್ನು ಕಿತ್ತು ಪಲ್ಯದ ತಟ್ಟೆಯ ಕೆಳಗೆ ಅಂಟಿಸಿದೆ.

ನನಗೂ ಒಬ್ಬಳಿದ್ದಳು. ದಪ್ಪ ಕನ್ನಡಕ, ಸೊಟ್ಟ ಬೈತಲೆಯವಳು, ಲೇಡೀಸ್ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್. ಒಂದೇ ಬಕೆಟ್, ನಕ್ಷೆ ಬರೆಯಲು ಒಂದೇ ಡ್ರಾಫ್ಟರ್, ಪರೀಕ್ಷೆಯ ಹಿಂದಿನ ದಿನ ಒಂದೇ ಅಳು. ಅವಳ ಮದುವೆಯಾಗಿ ಹೆಸರಿನ ಬಾಲ ಬದಲಾಯಿತು, ನನ್ನದೂ ಬದಲಾಯಿತು. ಅವಳ ತಂದೆಗೆ ಟ್ರಾನ್ಸ್‌ಫರ್ ಆಯಿತು, ನನ್ನ ಕಾಗದಗಳು ವಾಪಸ್ ಬಂದವು. ಗಂಡಸರು ಎಲ್ಲಿಗೆ ಹೋದರೂ ಅದೇ ಹೆಸರು ಹೊತ್ತು ಹೋಗುತ್ತಾರೆ, ಹುಡುಕಿದರೆ ಸಿಗುತ್ತಾರೆ. ನಮ್ಮನ್ನು ಯಾರು ಹುಡುಕಿಯಾರು? ಕಾಲೇಜಿನ ಹಳೇ ವಿದ್ಯಾರ್ಥಿಗಳ ಈಮೇಲ್ ಗುಂಪಿನಲ್ಲಿ ಇವರಿಂದ ಅವಳ ವಿಳಾಸ ಕೇಳಿಸಿದೆ. "ಯಾರು, ಆ ಸೋಡಾಗ್ಲಾಸಾ?" ಎಂದು ಒಬ್ಬ ಬರೆದ. ಉಳಿದವರು ನಗುತ್ತಾ ಹಳೇ ಕಥೆಗಳನ್ನು ಬರೆದರು. ವಿಳಾಸ ಮಾತ್ರ ಬರಲಿಲ್ಲ. ಅವಳು ಸಿಕ್ಕಿದರೆ ಸಾಕು, ಈ ಆರು ಜನರ ಹಂಗೇ ನನಗೆ ಬೇಡ ಎನ್ನಿಸುತ್ತಿತ್ತು.

ಆ ಆರು ಜನರಿಗೆ ಒಂದು ಪದ್ಧತಿ ಇತ್ತು. ಹಾಸ್ಟೆಲ್‌ನಲ್ಲಿ ಏನಾದರೂ ಸುದ್ದಿ ಬಂದರೆ ಮೊದಲ ರೂಮಿನವನು ಎರಡನೆಯವನ ಬಾಗಿಲು ಬಡಿಯುವುದು, ಅವನು ಮೂರನೆಯವನದು, ಹೀಗೆ ಸಾಲಿನ ಕೊನೆಯವರೆಗೆ. ಇಲ್ಲೂ ಅದೇ, ಫೋನಿನಲ್ಲಿ. ಮೊದಲ ರೂಮಿನವನು ಈಗ ಮನ್ರೋದಲ್ಲಿದ್ದ. ಇವರದು ಕೊನೆಯ ರೂಮು, ಮೂಲೆಯದು. ಇವರ ಬಾಗಿಲು ಬಡಿಯಬೇಕಾದವನು ಪಕ್ಕದ ರೂಮಿನವನಾಗಿದ್ದ ಸಮರ್‌ಸೆಟ್‌ನ ಗೆಳೆಯ.

ಒಂದು ಶುಕ್ರವಾರ ಮಧ್ಯಾಹ್ನ ಆ ಗೆಳೆಯನ ಫೋನ್ ಬಂತು. ಇವರ ಕ್ಲೈಂಟ್ ಆಫೀಸಿನಲ್ಲಿ ಸ್ವಂತದ ಕರೆ ತೆಗೆದುಕೊಳ್ಳುವಂತಿರಲಿಲ್ಲ, ಅದಕ್ಕೆ ಮನೆಗೇ ಮಾಡಿದ್ದ. ಅವನಿಗೆ ನಾನು ವೈನಿ, ಅಂದರೆ ಅತ್ತಿಗೆ.

"ವೈನಿ, ನಾಳೆ ಮನ್ರೋದಾಗ ಊಟ. ನಮ್ಮ ಹಾಸ್ಟೆಲ್ ಸೀನಿಯರ್ ಒಬ್ಬಾಂವ ಬಂದಾನ, ಫ್ಯಾಮಿಲಿ ಕರ್ಕೊಂಡು. ನಾಡಿದ್ದ ಟೆಕ್ಸಾಸಕ್ಕ ಹೊಂಟಾನ. ಅವಂಗ ಹೇಳ್ರಿ, ಮರೀಬ್ಯಾಡ್ರಿ."

"ಹೇಳ್ತೀನಿ" ಎಂದು ಫೋನ್ ಇಟ್ಟೆ.

ಮರುದಿನ ನಾವು ಆಪಲ್ ಕೀಳಲು ತೋಟಕ್ಕೆ ಹೋಗುವುದೆಂದು ಆಗಿತ್ತು. ಮೂರು ವಾರದಿಂದ ಇದೇ ಅಣ್ಣತಮ್ಮಂದಿರ ದೆಸೆಯಿಂದ ಮುಂದೆ ಹೋಗುತ್ತಿದ್ದದ್ದು. ಹೇಳಿದರೆ ನಾಲ್ಕನೆಯ ಸಲವೂ ಹೋಗುತ್ತದೆ. ಸಂಜೆ ಇವರು ಬಂದರು, ಕಾಫಿ ಕುಡಿದರು. ನಾನು ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹೇಳಲಿಲ್ಲ. ಶನಿವಾರ ತೋಟದಲ್ಲಿ ಇವರು ಏಣಿ ಹತ್ತಿ ಕಿತ್ತುಕೊಟ್ಟರು, ನಾನು ಬುಟ್ಟಿ ಹಿಡಿದೆ. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ಮನೆಗೆ ಬಂದಾಗ ಆನ್ಸರಿಂಗ್ ಮೆಷಿನ್‌ನ ಕೆಂಪು ದೀಪ ಮಿಣುಕುತ್ತಿತ್ತು. ಇವರು ಬೂಟು ಬಿಚ್ಚುವಷ್ಟರಲ್ಲಿ, "ಎಲ್ಲಿದ್ದೀಯೋ, ಎಲ್ಲಾರೂ ಕಾಯಾಕತ್ತೀವಿ" ಎಂಬುದನ್ನು ಮೆಲ್ಲಗೆ ಕೇಳಿ ಅಳಿಸಿಬಿಟ್ಟೆ.

ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ಮನ್ರೋದವನು ಊಟದ ಫೋಟೋಗಳನ್ನು ತೊಳೆಸಿ ತಂದಿದ್ದ. ಇವರು ಮೊದಲನೆಯ ಫೋಟೋ ನೋಡಿಯೇ ಬಿಳಿಚಿಕೊಂಡರು. "ಸೀನಿಯರ್ ಬಂದಿದ್ರಾ? ನನ್ನ ಬಾಗಿಲು ಯಾಕೋ ಬಡೀಲಿಲ್ಲ?"

"ಬಡದೀನಲ್ಲೋ. ಶುಕ್ರವಾರ ವೈನಿಗೆ ಹೇಳೀನಿ" ಎಂದ ಸಮರ್‌ಸೆಟ್‌ನ ಗೆಳೆಯ.

ಇವರು ನನ್ನ ಕಡೆ ತಿರುಗಿದರು. ನಾನು ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ. "ಇಲ್ವಲ್ಲ. ಯಾರ ಫೋನೂ ಬರಲಿಲ್ಲ."

"ನೋಡಿದ್ಯಾ? ನಮ್ಮನೆಯವಳು ಸುಳ್ಳು ಹೇಳಲ್ಲ ಕಣೋ" ಎಂದರು ಇವರು. ದನಿ ಜೋರಾಗಿತ್ತು. ಹತ್ತು ವರ್ಷದ ಸ್ನೇಹದಲ್ಲಿ ಇವರು ಆ ಗೆಳೆಯನ ಮೇಲೆ ರೇಗಿದ್ದು ಅದೇ ಮೊದಲಂತೆ. ಗೆಳೆಯ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ತಲೆ ಕೆರೆದುಕೊಂಡು, "ಹಂಗಾರ ನಾನ ಮರ್ತಿರಬೇಕು ಬಿಡಪ್ಪ" ಎಂದ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಗೂ ಅವರೆಲ್ಲರ ಎದುರು ಗಂಡ ನನ್ನ ಪಕ್ಷ ವಹಿಸಿದ್ದರು. ಫೋಟೋಗಳು ಕೈಯಿಂದ ಕೈಗೆ ಬಂದು ನನ್ನನ್ನು ತಲುಪಿದವು. ಮೂರನೆಯದರಲ್ಲಿ ಹೆಂಗಸರೆಲ್ಲ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು. ನಡುವೆ, ದಪ್ಪ ಕನ್ನಡಕ, ಅದೇ ಸೊಟ್ಟ ಬೈತಲೆ, ನನ್ನ ರೂಮ್‌ಮೇಟ್ ನಗುತ್ತಿದ್ದಳು. ಸೀನಿಯರ್‌ನ 'ಫ್ಯಾಮಿಲಿ' ಅವಳು. ಹಾಸ್ಟೆಲ್ ಕಥೆಗಳಲ್ಲಿ ಮುಳುಗಿದ್ದ ಗಂಡಸರು ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ, ಹೆಸರನ್ನೂ ಕೇಳಿರಲಿಲ್ಲ. ನನ್ನ ಹೆಸರನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಅವರಿಗೆ ಮೂಲೆ ರೂಮಿನವನ ಹೆಂಡತಿ, ಅಷ್ಟೆ.

ಕೂಗಿಕೊಳ್ಳಬೇಕು ಎನ್ನಿಸಿತು. ಕೂಗಿದ್ದರೆ ಎಲ್ಲರೂ ಆ ಗೆಳೆಯನ ಮೇಲೆ ಬೀಳುತ್ತಿದ್ದರು, ನಿನ್ನ ಮರೆವಿನಿಂದ ನೋಡು ಏನಾಯಿತು ಎಂದು. ಫೋಟೋ ಮುಂದಿನವರಿಗೆ ಕೊಟ್ಟು ಒಳಗೆ ಹೋದೆ.

ಎಲ್ಲರ ನಂಬರು ಬರೆದಿಡುವ ಡೈರಿ ಇದ್ದದ್ದು ಒಬ್ಬನ ಹತ್ತಿರ ಮಾತ್ರ, ನಾನು ಸುಳ್ಳುಗಾರನನ್ನಾಗಿ ಮಾಡಿದವನ ಹತ್ತಿರ. ಎರಡು ದಿನ ಒದ್ದಾಡಿ ಮೂರನೆಯ ದಿನ ಅವನಿಗೇ ಫೋನ್ ಮಾಡಿದೆ. ಟೆಕ್ಸಾಸ್‌ಗೆ ಹೋದವರ ನಂಬರ್ ಬೇಕು, ಅವರ ಹೆಂಡತಿ ನನ್ನ ರೂಮ್‌ಮೇಟ್ ಎಂದೆ. ಅವನು ಆಶ್ಚರ್ಯವನ್ನೂ ಪಡಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. "ಬರ್ಕೋರಿ ವೈನಿ" ಎಂದು ನಿಧಾನವಾಗಿ ಎರಡು ಸಲ ಹೇಳಿದ.

"ಅವತ್ತು ಶುಕ್ರವಾರ..." ಎಂದು ನಾನು ಶುರುಮಾಡಿದೆ.

"ಅದನ್ನ ಬಿಡ್ರಿ. ಅವನ ಮುಂದ ಮಾತ್ರ ಎಂದೂ ಹೇಳಬ್ಯಾಡ್ರಿ. ಅಂವ ಹೊರಗ ನಗತಾನ, ಒಳಗ ಭಾಳ ಮನಸಿಗೆ ಹಚ್ಚಿಕೋತಾನ. ನನಗ ಗೊತ್ತದ."

ನನ್ನ ಮಾನ ಉಳಿಸಿದ್ದಕ್ಕೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಮತ್ತೆ ಹೊಟ್ಟೆಕಿಚ್ಚೇ. ಅವನು ಸುಳ್ಳು ಹೊತ್ತದ್ದು ನನಗಾಗಿ ಅಲ್ಲ, ನನ್ನ ಗಂಡನಿಗಾಗಿ. ನನ್ನ ಗಂಡ ಒಳಗೆ ಹಚ್ಚಿಕೊಳ್ಳುತ್ತಾರೆ ಎಂಬುದನ್ನು ನಾನು ಅವನ ಬಾಯಿಂದ ಕೇಳಿ ತಿಳಿಯಬೇಕಾಯಿತು.

ಟೆಕ್ಸಾಸ್‌ಗೆ ಫೋನ್ ಮಾಡಿದಾಗ ರೂಮ್‌ಮೇಟ್ ಕಿರುಚಿದಳು, ಅತ್ತಳು, ಬೈದಳು. "ಲೇ, ಅವತ್ತು ಒಂದು ಜೋಡಿ ಬರ್ಬೇಕು ಅಂತ ಒಂದು ಗಂಟೆ ಊಟಕ್ಕೆ ಕಾದ್ವಿ. ಅದು ನೀನಾ? ಯಾಕೆ ಬರ್ಲಿಲ್ಲ?"

"ನಮಗೆ ಫೋನ್ ಬರ್ಲಿಲ್ಲ ಕಣೇ" ಎಂದೆ. ಎರಡನೆಯ ಸಲ ಆ ಸುಳ್ಳು ಇನ್ನೂ ಸುಲಭವಾಗಿ ಬಂತು.

ಇವರು ಇಂದಿಗೂ ಆ ಗೆಳೆಯನನ್ನು ಮರೆಗುಳಿ ಎಂದೇ ರೇಗಿಸುತ್ತಾರೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ನನ್ನ ಕಡೆ ಮಾತ್ರ ಅವನು ನೋಡುವುದಿಲ್ಲ. ಒಮ್ಮೆಯಾದರೂ ನೋಡಿಬಿಟ್ಟಿದ್ದರೆ ನಾನು ಅಲ್ಲೇ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.