ಮೂರನೇ ತೂತು

ಸಾಲದ ಮಾತಿನಿಂದಲೇ ಶುರು ಮಾಡೋಣ: ಪಟ್ಟಿಯಣ್ಣ ಏನಿಲ್ಲವೆಂದರೂ ಇನ್ನೂರು ತಾಯಂದಿರಿಗೆ ತಲಾ ಒಂದು ಕ್ಷಮಾಪಣೆ ಬಾಕಿ ಉಳಿಸಿಕೊಂಡಿದ್ದಾನೆ.

ಸರ್ಕಾರಿ ಆಸ್ಪತ್ರೆಯ ಮಕ್ಕಳ ಮೂಳೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಸಿಮೆಂಟು ಪಟ್ಟಿ ಸುತ್ತುವವನು ಅವನು. ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ ಕೂಸುಗಳ ಕಾಲನ್ನು ಡಾಕ್ಟರಮ್ಮ ವಾರವಾರವೂ ಇಷ್ಟಿಷ್ಟೇ ಹೊರಕ್ಕೆ ತಿರುಗಿಸಿ ಹಿಡಿಯುತ್ತಾರೆ, ಇವನು ಸುತ್ತುತ್ತಾನೆ. ಆರು ವಾರಕ್ಕೆ ಪಾದ ನೆಟ್ಟಗಾಗುತ್ತದೆ. ಕಷ್ಟವಿರುವುದು ಆಮೇಲೆ. ಎರಡು ಬೂಟು, ನಡುವೆ ಒಂದು ಸರಳು. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ಮೂರು ಗಂಟೆ ಹಾಕಿರಲೇಬೇಕು. ಬಿಚ್ಚಿಟ್ಟರೆ ಎಳೆಯ ಪಾದ ಹಳೆಯ ಚಾಳಿಗೆ ಮರಳುತ್ತದೆ.

ಬಿಚ್ಚಿದವರನ್ನು ಹಿಡಿಯುವುದರಲ್ಲಿ ಪಟ್ಟಿಯಣ್ಣ ಪೊಲೀಸರಿಗಿಂತ ಒಂದು ಕೈ ಮೇಲು. ಬೂಟಿನ ಬಾರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ. ಬಕಲನ್ನು ಮೂರನೇ ತೂತಿಗೆ ಬಿಗಿಯಬೇಕು. ಎರಡನೆಯದೂ ಸವೆದಿದ್ದರೆ, ಮಗು ಅತ್ತಾಗ ಯಾರೋ ಸಡಿಲ ಬಿಟ್ಟಿದ್ದಾರೆ ಎಂದೇ ಅರ್ಥ. "ನಾಳೆ ಮಗು ಕುಂಟ್ತಾ ಬಂದು ಕೇಳಿದ್ರೆ ಏನಮ್ಮಾ ಹೇಳ್ತೀಯ?" ಎಂದು ಸರದಿಗೆ ಕಾದು ಬೆಂಚಿನ ಮೇಲೆ ಕೂತವರೆಲ್ಲ ಕೇಳುವ ಹಾಗೆ ಬಯ್ಯುತ್ತಾನೆ. ಆಸ್ಪತ್ರೆ ನೌಕರರ ಮುಷ್ಕರದ ಕಾಲದಲ್ಲಿ ಹದಿನೇಳು ದಿನ ಗೇಟಿನ ಮುಂದೆ ಕೂತು ಒಂದಿಂಚೂ ಜಗ್ಗದ ಮನುಷ್ಯ. ಯಾರೂ ಕೇಳದಿದ್ದರೂ ವಾರಕ್ಕೆರಡು ಸಲ ಅದನ್ನು ಅವನೇ ಹೇಳಿಕೊಳ್ಳುತ್ತಾನೆ.

ಅವನ ಮಗಳ ಕೂಸಿನ ಬಲಪಾದವೂ ತಿರುಚಿಕೊಂಡಿತ್ತು. ಆರು ಪಟ್ಟಿಯನ್ನೂ ಇವನೇ ಸುತ್ತಿದ. ಬೂಟು ಬಂದ ಮೇಲೆ ಮಗಳು ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ವಾಪಸಾದಳು. ಬೆಳಗಿನ ಹೊತ್ತು ಕೂಸು ಪಕ್ಕದ ಮನೆಯಾಕೆಯ ಬಳಿ; ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನವಿಡೀ ಕೂಸನ್ನು ನೋಡಿಕೊಳ್ಳುವುದು ತಾತನ ಪಾಲಿಗೆ ಬಂತು. ಹೋರಾಟಗಾರ ಮಣ್ಣುಮುಕ್ಕಿದ್ದು ಅಲ್ಲೇ. ಕೂಸು ಸರಳನ್ನು ನೆಲಕ್ಕೆ ಬಡಿದು, ತಾತನ ಮುಖ ನೋಡಿ ತುಟಿ ಉಬ್ಬಿಸಿ ಅತ್ತಿತು. ಮೊದಲ ದಿನ ಎಂಟು ನಿಮಿಷ ತಡೆದ. ಎರಡನೇ ದಿನ ಮೂರು. ಮೂರನೇ ದಿನದಿಂದ ಮಾತುಕತೆಯೂ ಇಲ್ಲ, ಷರತ್ತೂ ಇಲ್ಲ, ಬಂದವನೇ ಬಾರು ಬಿಚ್ಚಿಬಿಡುತ್ತಿದ್ದ. ಐದೂವರೆಗೆ, ಮಗಳು ಬರುವ ಮುಂಚೆ, ಮತ್ತೆ ತೊಡಿಸುತ್ತಿದ್ದ. ಅಳು ಏಳಬಾರದೆಂದು ಎರಡನೇ ತೂತಿಗೆ.

ಎರಡು ತಿಂಗಳಾದ ಮೇಲೆ ತಪಾಸಣೆ. ಡಾಕ್ಟರಮ್ಮ ಕೂಸಿನ ಹಿಮ್ಮಡಿ ಒತ್ತಿ ನೋಡಿ, ಮತ್ತೊಮ್ಮೆ ಒತ್ತಿದರು.

"ಮತ್ತೆ ಒಳಕ್ಕೆ ತಿರುಗ್ತಿದೆ. ಪಟ್ಟಿಯಣ್ಣ, ಬೂಟು ನೋಡಿ ಹೇಳಿ."

ನೋಡುವುದೇನಿತ್ತು? ಎರಡನೇ ತೂತು ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು.

"ನಾನು ಒಂದಿನಾನೂ ತಪ್ಪಿಸಿಲ್ಲ ಮೇಡಂ," ಎಂದಳು ಮಗಳು. ದನಿ ಆಗಲೇ ಒಡೆದಿತ್ತು. ಬೆಂಚಿನ ತಾಯಂದಿರು ಬೈಗುಳಕ್ಕಾಗಿ ಕಿವಿ ನೆಟ್ಟಗೆ ಮಾಡಿ ಕೂತರು. ಬಾರೇ ಕಳಪೆ ಎಂದುಬಿಡಲೇ ಎಂದು ಪಟ್ಟಿಯಣ್ಣನಿಗೆ ಒಂದು ಗಳಿಗೆ ಅನ್ನಿಸಿತು. ಮುಷ್ಕರದ ಹೊತ್ತಿನಲ್ಲಿ ಆಡಳಿತದವರು ಆಡುತ್ತಿದ್ದುದು ಥೇಟ್ ಇದೇ, ತಮ್ಮ ತಪ್ಪನ್ನು ಇನ್ನೊಂದರ ಮೇಲೆ ಹೊರಿಸುವ ಆಟ.

"ಬಿಚ್ಚಿದ್ದು ನಾನು," ಎಂದ. "ದಿನಾ ಮಧ್ಯಾಹ್ನ. ಅವಳಿಗೆ ಗೊತ್ತಿಲ್ಲ."

ಮಗಳು ಅವನನ್ನು ದುರುಗುಟ್ಟಿ ನೋಡಿದಳು. "ನಾನು ಬರೋ ಹೊತ್ತಿಗೆ ಅಷ್ಟು ಸಾಧು ಥರ ಕೂತಿರ್ತಿದ್ದೆಯಲ್ಲಪ್ಪ. ಅವತ್ತೇ ಅನುಮಾನ ಬರಬೇಕಿತ್ತು ನಂಗೆ."

ಹೋದ ತಿಂಗಳಷ್ಟೇ ಬೈಸಿಕೊಂಡು ಅತ್ತಿದ್ದ ತಾಯಿಯೊಬ್ಬಳು ಬೆಂಚಿನ ತುದಿಯಿಂದ ಕೇಳಿದಳು: "ನಾಳೆ ಮಗು ಕುಂಟ್ತಾ ಬಂದು ಕೇಳಿದ್ರೆ ಏನಣ್ಣಾ ಹೇಳ್ತೀರಿ?"

ಬೆಂಚಿಗೆ ಬೆಂಚೇ ನಕ್ಕಿತು. ಇಪ್ಪತ್ತಾರು ವರ್ಷ ಕೇಳಿದ ಪ್ರಶ್ನೆಗೆ ಉತ್ತರವೂ ಇರಬೇಕೆಂದು ಅವನು ಯೋಚಿಸಿಯೇ ಇರಲಿಲ್ಲ.

"ಇನ್ನೂ ಕಾಲ ಮಿಂಚಿಲ್ಲ. ಮತ್ತೆ ಮೂರು ಪಟ್ಟಿ ಹಾಕಿದ್ರೆ ಸರಿಹೋಗುತ್ತೆ. ಸುತ್ತಿ," ಎಂದರು ಡಾಕ್ಟರಮ್ಮ. ಸುತ್ತಿದ. ಕೂಸು ತನ್ನ ಒಳ್ಳೆಯ ಕಾಲಿನಿಂದ ಅವನ ಮೂಗಿಗೇ ಒದ್ದಿತು. ಗುರಿ ತಪ್ಪಲಿಲ್ಲ.

ಅವತ್ತು ಬೆಂಚಿನ ಮೇಲಿದ್ದ ಹದಿನಾಲ್ಕು ಮಂದಿಗೆ ತಪ್ಪಾಯಿತು ಎಂದ. ಉಳಿದವರು ಎಲ್ಲೆಲ್ಲಿದ್ದಾರೋ. ಈಗ ಎರಡನೇ ತೂತು ಸವೆದಿದ್ದರೆ ಬಯ್ಯುವುದಿಲ್ಲ, "ನೀನು ಕೆಲಸಕ್ಕೆ ಹೋದಾಗ ಮಗು ಯಾರ ಹತ್ರ ಇರುತ್ತಮ್ಮಾ?" ಎನ್ನುತ್ತಾನೆ.

ಆ "ಯಾರು" ನೀವಾಗಿದ್ದರೆ, ತಾತನೋ ಅಜ್ಜಿಯೋ ಅಪ್ಪನೋ, ಮುಂದಿನ ತಪಾಸಣೆಗೆ ತಾಯಿಯೊಬ್ಬಳನ್ನೇ ಅಟ್ಟಬೇಡಿ. ಬೂಟನ್ನು ನಿಮ್ಮ ಕೈಯಲ್ಲೇ ಹಿಡಿದು ತನ್ನಿ. ಬೆಂಚಿನ ಮೇಲೆ ನೀವೇ ಕೂತುಕೊಳ್ಳಿ.