ಒಂಬತ್ತು ಫೋಟೋ, ಒಂದು ತೋರುಬೆರಳು

ಫೋಟೋ ತೊಳೆಯುವ ರಾಸಾಯನಿಕದ ಹುಳಿ ವಾಸನೆ ಬೀದಿಯವರೆಲ್ಲ 'ಫೋಟೋ ಅಕ್ಕ' ಎಂದು ಕರೆಯುವ ಇವರಿಗೆ ಇಂದಿಗೂ ನೆನಪಿದೆ. ಅದು ಅಪ್ಪನ ಅಂಗಿಯ ತೋಳಿನಿಂದ ಬರುತ್ತಿದ್ದ ವಾಸನೆ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ದಿನವಿಡೀ ನಿಂತು ಮನೆಗೆ ಬಂದ ಅಪ್ಪ ಮಗಳನ್ನು ಎತ್ತಿಕೊಳ್ಳುತ್ತಿದ್ದರು. "ಆಗ ಮೂಗು ಮುಚ್ಕೋತಿದ್ದೆ. ಈಗ ಎಲ್ಲಾದ್ರೂ ಆ ವಾಸನೆ ಬಂದ್ರೆ ಕಾಲು ಅಲ್ಲೇ ನಿಂತುಬಿಡುತ್ತೆ," ಎನ್ನುತ್ತಾ ಅಕ್ಕ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಚಿಡುತ್ತಾರೆ.

ಬೆಳಗಿನ ಆರೂವರೆ. ಬೀದಿ ಗುಡಿಸುವವರು ಇನ್ನೂ ಆ ತುದಿಯಲ್ಲಿದ್ದಾರೆ. ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಮೆಟ್ಟಿಲಿನ ಅಡಿಯಲ್ಲಿ ಅಕ್ಕನ ಜಾಗ. ಒಂದು ಕಂಪ್ಯೂಟರು, ಒಂದು ಸ್ಟೂಲು, ಗೊರಗೊರ ಎನ್ನುವ ಒಂದು ಫ್ಯಾನು. ನೆಟ್ಟಗೆ ಎದ್ದರೆ ಮೆಟ್ಟಿಲು ತಲೆಗೆ ಬಡಿಯುತ್ತದೆ. ಹನ್ನೊಂದು ವರ್ಷದಿಂದ ತಲೆ ಬಗ್ಗಿಸಿಯೇ ಏಳುವುದು ರೂಢಿಯಾಗಿದೆ. "ಮನೇಲೂ ಹಾಗೇ ಬಗ್ಗಿ ಏಳ್ತಾಳೆ. ನೋಡಿದವರು ನನಗೇ ನಮಸ್ಕಾರ ಮಾಡ್ತಿದ್ದಾಳೆ ಅಂದ್ಕೋಬೇಕು," ಎಂದು ನಗುತ್ತಾರೆ ಜೊತೆಗೇ ಇರುವ ತಂಗಿ.

ಅಕ್ಕನ ಕೆಲಸ ಹೇಳಲು ಸುಲಭ. ಜನ ಫೋನು ತರುತ್ತಾರೆ, ಕ್ಯಾಮೆರಾ ತರುತ್ತಾರೆ. ಅದರೊಳಗಿನ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದಕ್ಕೂ ಹೆಸರು ಕೊಟ್ಟು, ಫೋಲ್ಡರಿನಲ್ಲಿಟ್ಟು, ಬೇಕಾದವರಿಗೆ ಇಮೇಲ್ ಮಾಡುವುದು. ದಿನಕ್ಕೆ ಸುಮಾರು ನಲವತ್ತು ಇಮೇಲ್, ಮುನ್ನೂರು ಫೋಟೋ. ಹೆಚ್ಚಿನವು ಆಸ್ಪತ್ರೆಯವು: ಗಾಯ, ಎಕ್ಸ್‌ರೇ, ಹಳೆಯ ಚೀಟಿ. ಇವೆಲ್ಲ ದೂರದ ದೊಡ್ಡ ಡಾಕ್ಟರಿಗೆ ಹೋಗಬೇಕು. ಫೋನಿನಿಂದಲೇ ಕಳಿಸಬಾರದೇ ಎಂದರೆ ಅಕ್ಕ ತಲೆಯಾಡಿಸುತ್ತಾರೆ. "ಕಳಿಸಬಹುದಪ್ಪ, ಬೇಡ ಅಂದೋರ್ಯಾರು? ಆದ್ರೆ ಫೋಟೋ ಕುಗ್ಗಿ ಮಸುಕಾಗಿ ಹೋಗುತ್ತೆ. ಗಾಯ ಯಾವುದು, ಕೊಳೆ ಯಾವುದು ಅಂತ ಡಾಕ್ಟ್ರಿಗೆ ಗೊತ್ತಾಗಬೇಡ್ವಾ?"

ಕಳಿಸಿದ ಮೇಲೂ ಅವರು ಬಿಡುವುದಿಲ್ಲ. ಆ ಕಡೆಯವರಿಗೆ ಫೋನು ಮಾಡಿ, ಎಷ್ಟು ಬಂದವು ಎಂದು ಎಣಿಸಿ ಹೇಳಿಸಿಕೊಳ್ಳುತ್ತಾರೆ. ಆಮೇಲೇ ಗಿರಾಕಿಗೆ ಫೋನು ವಾಪಸು.

ಕಂಪ್ಯೂಟರು ಅವರ ಕೈಗೆ ಬಂದದ್ದು ನಲವತ್ತು ದಾಟಿದ ಮೇಲೆ. ಅಪ್ಪನ ಜಾಗದಲ್ಲೇ ಇಪ್ಪತ್ತು ವರ್ಷ ಫೋಟೋ ತೊಳೆದಿದ್ದರು. ಡಿಜಿಟಲ್ ಬಂತು, ಸ್ಟುಡಿಯೋ ಮುಚ್ಚಿತು. ಆಮೇಲೆ ಔಷಧಿ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದ ಅಕ್ಕನನ್ನು ಜೆರಾಕ್ಸ್ ಅಂಗಡಿಯ ಯಜಮಾನರು ಕರೆದು ಕೂರಿಸಿದರು. ಮೂರು ತಿಂಗಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಲಿಸಿದರು. "ನಾನು ಒತ್ತಬಾರದ್ದನ್ನೇ ಒತ್ತೋಳು. ಒಂದು ದಿನಾನೂ ಅವರು ಜೋರಾಗಿ ಮಾತಾಡಲಿಲ್ಲ. 'ಯಂತ್ರ ಕಚ್ಚಲ್ಲ ತಾಯಿ, ಇನ್ನೊಂದ್ಸಲ ಒತ್ತಿ' ಅನ್ನೋರು. ಆ ಋಣ ಈ ಜನ್ಮಕ್ಕೆ ತೀರಲ್ಲ."

ಕಲಿತ ಮೇಲೆ ಅಚ್ಚುಕಟ್ಟು ರಕ್ತಕ್ಕೇ ಇಳಿಯಿತು. ಅಡುಗೆಮನೆಯ ಡಬ್ಬಗಳಿಗೂ ಅಕ್ಕ ತಾರೀಕು ಅಂಟಿಸುತ್ತಾರೆ ಎಂಬುದು ತಂಗಿಯ ದೂರು. ಇಷ್ಟು ಕಟ್ಟುನಿಟ್ಟಿನವರ ಕೈಯಲ್ಲೇ ಕಳೆದ ವರ್ಷ ಒಂದು ತಪ್ಪು ನಡೆದುಹೋಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳದಿದ್ದರೂ ಹೇಳುತ್ತಾರೆ.

ಪಕ್ಕದ ಬೀದಿಯ ಟೈಲರಮ್ಮನ ಬಲಗೈ ತೋರುಬೆರಳು ಅಂಗಡಿಯ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಗಾಯ ಕೀವುಗಟ್ಟಿತು. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ಐದು ವಾರದಲ್ಲಿ ತಮ್ಮ ಹಳೆಯ ಫೋನಿನಲ್ಲಿ ಒಂಬತ್ತು ಫೋಟೋ ತೆಗೆದು, ಅಕ್ಕನ ಕಂಪ್ಯೂಟರಿಗೆ ಹಾಕಿಸಿ ರಜೆಯ ಮೇಲೆ ಹೋದರು. ಗಾಯ ಹೇಗೆ ಸಾಗುತ್ತಿದೆ ಎಂದು ನೋಡಲು ಫೋಟೋಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಕಳಿಸಿ ಎಂದು ದೂರದೂರಿನ ಕೈ ತಜ್ಞ ಡಾಕ್ಟರು ಕೇಳಿದ್ದರು. ಅಂದು ಅಂಗಡಿಯಲ್ಲಿ ಜಾತ್ರೆಯಂಥ ಜನ. ತಾರೀಕಿನ ಪ್ರಕಾರ ಜೋಡಿಸು ಎಂದು ಅಕ್ಕ ಒಂದು ಗುಂಡಿ ಒತ್ತಿದರು. ಯಂತ್ರ ಜೋಡಿಸಿತು. ಒಂದರಿಂದ ಒಂಬತ್ತರವರೆಗೆ ಹೆಸರಿಟ್ಟು ಕಳಿಸಿದರು. ಒಂಬತ್ತೂ ಬಂದಿವೆ ಎಂದು ಆ ಕಡೆಯವರು ಹೇಳಿದರು.

ಮರುದಿನ ಉತ್ತರ ಬಂತು. ಗಾಯ ಮೊದಲು ಮಾಗಿ ಈಗ ಮತ್ತೆ ಕೆಟ್ಟಿದೆ, ಬೆರಳಿನ ತುದಿ ತೆಗೆಯಬೇಕಾಗಬಹುದು, ತಕ್ಷಣ ಬಂದು ಸೇರಿಕೊಳ್ಳಿ. ಫೋನಿನಲ್ಲಿ ವಿಷಯ ತಿಳಿದು, ಅದನ್ನು ಪ್ರಿಂಟ್ ಮಾಡಿಸಿಕೊಳ್ಳಲು ಬಂದ ಟೈಲರಮ್ಮನ ಕಂಕುಳಲ್ಲಿ ಆಗಲೇ ಆಸ್ಪತ್ರೆಗೆ ಹೊರಡಲು ಕಟ್ಟಿದ ಬಟ್ಟೆಯ ಚೀಲವಿತ್ತು.

"ನೋವು ಜಾಸ್ತಿ ಇದೆಯಾ?" ಎಂದು ಅಕ್ಕ ಕೇಳಿದರು.

"ಇಲ್ಲ ಕಣೇ, ಅದೇ ಭಯ. ನೋವೇ ಇಲ್ಲ. ಬೆರಳು ಸತ್ತೇ ಹೋಯ್ತೋ ಏನೋ. ಸೂಜಿ ಹಿಡಿಯೋ ಬೆರಳು ಇಲ್ದೆ ನಾನೇನು ಹೊಲೀಲಿ?"

ಟೈಲರಮ್ಮ ಬಸ್ಸು ಕಾಯಲು ಹೊರಗೆ ಹೋದರು. ಅಕ್ಕ ಆ ಉತ್ತರವನ್ನು ಮತ್ತೊಮ್ಮೆ ಓದಿದರು. ನೋವು ಇಳಿದಿದೆ, ಗಾಯ ಏರಿದೆ ಎಂದರೆ ಹೇಗೆ? ಒಂಬತ್ತೂ ಫೋಟೋಗಳನ್ನು ಮತ್ತೆ ತೆರೆದು ಒಂದೊಂದನ್ನೂ ದಿಟ್ಟಿಸಿದರು. ಉಗುರಿನಲ್ಲಿ ರಕ್ತ ಹೆಪ್ಪುಗಟ್ಟಿದ ಕಪ್ಪು ಚುಕ್ಕೆಯೊಂದಿತ್ತು. ಕೆಟ್ಟ ಗಾಯದ ಫೋಟೋಗಳಲ್ಲಿ ಆ ಚುಕ್ಕೆ ಉಗುರಿನ ಬುಡದಲ್ಲಿದೆ. ಮಾಗಿದ ಗಾಯದ ಫೋಟೋಗಳಲ್ಲಿ ಉಗುರಿನ ನಡುವಿಗೆ ಬಂದಿದೆ.

"ಉಗುರು ಹಿಂದಕ್ಕೆ ಬೆಳೆಯುತ್ತಾ? ಮಾಗಿದ ಗಾಯವೇ ಈಗಿನದು! ನಾನು ಹಿಂದುಮುಂದು ಮಾಡಿ ಕಳಿಸಿದ್ದೆ."

ಆಮೇಲೆ ತಿಳಿಯಿತು. ನಡುವೆ ಒಮ್ಮೆ ನರ್ಸಮ್ಮನ ಫೋನಿನ ಬ್ಯಾಟರಿ ಪೂರಾ ಸತ್ತು, ಫೋನು ಎದ್ದಾಗ ಯಾವುದೋ ಹಳೆಯ ವರ್ಷದ ತಾರೀಕು ಹಿಡಿದುಕೊಂಡಿತ್ತು. ಹೊಸ ಫೋಟೋಗಳು ಹಳೆಯವಾಗಿ ಮುಂದೆ ಕೂತಿದ್ದವು. ಅಕ್ಕ ಕೂಡಲೇ ಉಗುರಿನ ಚುಕ್ಕೆ ನೋಡಿ ಜೋಡಿಸಿ, ತಪ್ಪು ತಮ್ಮದೆಂದು ಬರೆದು, ಮತ್ತೆ ಕಳಿಸಿದರು. ಡಾಕ್ಟರಿಗೇ ಫೋನು ಮಾಡಿ ಚುಕ್ಕೆಯ ವಿಷಯ ಹೇಳಿದರು. ಅವರು ಫೋನು ಇಡದೆ ಒಂಬತ್ತನ್ನೂ ನೋಡಿದರು. "ಕತ್ತರಿಸೋದು ಬೇಡ. ಅದೇ ಔಷಧಿ ಮುಂದುವರಿಸಿ, ಸೋಮವಾರ ಒಮ್ಮೆ ಬಂದು ತೋರಿಸಿ ಸಾಕು. ಒಳ್ಳೆ ಕಣ್ಣಮ್ಮ ನಿಮ್ಮದು."

ಅಕ್ಕ ತಲೆ ಬಗ್ಗಿಸುವುದನ್ನೂ ಮರೆತು ಎದ್ದು, ಮೆಟ್ಟಿಲಿಗೆ ಬಡಿದುಕೊಂಡು, ಹಣೆ ಉಜ್ಜುತ್ತಲೇ ರಸ್ತೆಗೆ ಓಡಿದರು. ಬೈಸಿಕೊಳ್ಳಲು ಸಿದ್ಧರಾಗಿಯೇ ಎಲ್ಲವನ್ನೂ ಹೇಳಿದರು. ಟೈಲರಮ್ಮ ಚೀಲ ಕೆಳಗಿಟ್ಟು ತಮ್ಮ ಬೆರಳನ್ನೊಮ್ಮೆ, ಅಕ್ಕನ ಹಣೆಯನ್ನೊಮ್ಮೆ ನೋಡಿದರು.

"ತಪ್ಪು ಮಾಡಿದ್ದೂ ನೀನೇ, ಹಿಡಿದಿದ್ದೂ ನೀನೇ. ಬೇರೆಯವರಾಗಿದ್ರೆ ಬಾಯಿ ಮುಚ್ಕೊಂಡು ಕೂತಿರೋರು. ನಿನ್ನ ಹಣೆ ಊದ್ಕೊಂಡಿದೆ, ಮೊದಲು ನೀರು ಹಚ್ಕೋ ಹೋಗು."

ಅಂದಿನಿಂದ ಯಂತ್ರದ ತಾರೀಕನ್ನು ಅಕ್ಕ ಕಣ್ಣುಮುಚ್ಚಿ ನಂಬುವುದಿಲ್ಲ. ರಜೆ ಮುಗಿಸಿ ಬಂದ ನರ್ಸಮ್ಮನೂ ಈಗ ಗಾಯದ ಪಕ್ಕ ತಾರೀಕು ಬರೆದ ಚೀಟಿ ಇಟ್ಟೇ ಫೋಟೋ ತೆಗೆಯುತ್ತಾರೆ. ಅವರ ಜೊತೆಯವರೂ ಅದನ್ನೇ ಮಾಡುತ್ತಿದ್ದಾರೆ.

ಮುಂದೇನು ಆಸೆ ಎಂದರೆ ಅಕ್ಕ ನಾಚುತ್ತಾರೆ. "ಕಣ್ಣು ಹೀಗೇ ಇದ್ರೆ ಸಾಕು. ಜನ ತಮ್ಮ ಮೈ ಗಾಯ ನಂಬಿ ನನ್ನ ಕೈಗೆ ಕೊಡ್ತಾರೆ. ನಾನು ಅದನ್ನ ಸರಿಯಾಗಿ ದಾಟಿಸ್ತೀನಿ, ಅಷ್ಟೇ."

ಮಧ್ಯಾಹ್ನವಾಗುತ್ತದೆ. ಮುದುಕರೊಬ್ಬರ ಎಕ್ಸ್‌ರೇ ಹೋಗುತ್ತಿದೆ, ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡ ಟೈಲರಮ್ಮ ಬಗ್ಗಿ ಒಳಗೆ ಬರುತ್ತಾರೆ. ಕಾಗದಗಳನ್ನು ಸರಿಸಿ, ಬಿಸಿ ಊಟದ ಡಬ್ಬಿಯನ್ನು ಅಕ್ಕನ ಕೈಗೆ ತಗಲುವಷ್ಟು ಹತ್ತಿರ ಇಟ್ಟು, ಮುಚ್ಚಳ ಸಡಿಲಿಸಿ ಹೋಗುತ್ತಾರೆ.