ಗುಡ್ಡ ದಾಟಿ ಬಂದ ಕೂಸು

ನಮ್ಮೂರು ಕೆಲ್ಡರ್‌ಹೋಪ್‌ನಲ್ಲಿ ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಮೊದಲು ಕೇಳುವುದಿಲ್ಲ. ಮೇಲಿನವನೋ ಕೆಳಗಿನವನೋ ಎಂದು ಕೇಳುತ್ತಾರೆ. ಹೆರಿಗೆಗಳೆಲ್ಲ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಲೆಕ್ಕ ಸುಲಭವಿತ್ತು. ಪೇಟೆ ಚೌಕದ ಕಲ್ಲಿನ ಶಿಲುಬೆಗಿಂತ ಮೇಲೆ ಹುಟ್ಟಿದವನು ಮೇಲಿನವನು, ಕೆಳಗೆ ಹುಟ್ಟಿದವನು ಕೆಳಗಿನವನು. ಹೆರಿಗೆಗೆ ಹದಿನೈದು ಮೈಲಿಯಾಚೆಯ ಆಸ್ಪತ್ರೆಗೆ ಹೋಗುವ ಕಾಲ ಬಂದ ಮೇಲೆ ಹಿರಿಯರು ಬೇರೆ ಕಟ್ಟಳೆ ಮಾಡಿದರು. ಕೂಸು ಮೊದಲ ಸಲ ಯಾವ ದಾರಿಯಿಂದ ಊರೊಳಗೆ ಬರುತ್ತದೋ ಆ ಕಡೆಯದು. ಗುಡ್ಡದ ದಾರಿಯಿಂದ ಬಂದರೆ ಮೇಲಿನದು, ಹೊಳೆಯ ಸೇತುವೆ ದಾಟಿ ಬಂದರೆ ಕೆಳಗಿನದು. ಚರ್ಚು ಬದಲಿಸಬಹುದು, ಹೆಂಡತಿಯನ್ನೂ ಬದಲಿಸಬಹುದು. ಇದನ್ನು ಮಾತ್ರ ಸಾಯುವ ತನಕ ಬದಲಿಸುವಂತಿಲ್ಲ.

ವರ್ಷಕ್ಕೊಂದು ದಿನ, ಫೆಬ್ರವರಿಯಲ್ಲಿ, ಈ ಎರಡು ಕಡೆಯವರು ಹುಲ್ಲು ತುಂಬಿದ ಒಂದು ಚರ್ಮದ ಚೆಂಡಿಗಾಗಿ ಬೀದಿಯಲ್ಲಿ ಬಡಿದಾಡುತ್ತಾರೆ. ಮೇಲಿನವರು ಅದನ್ನು ಕೋಟೆಯ ಬಾಗಿಲಿಗೆ ಮುಟ್ಟಿಸಬೇಕು, ಕೆಳಗಿನವರು ಹೊಳೆಯ ತಿರುವಿನ ಹಳೇ ಗಿರಣಿಗೆ. ಅಂಗಡಿಯವರು ಹಿಂದಿನ ದಿನವೇ ಕಿಟಕಿಗಳಿಗೆ ಹಲಗೆ ಹೊಡೆಯುತ್ತಾರೆ. ಬೇಸಿಗೆಯಲ್ಲಿ ಬಂದು ನಮ್ಮ ಪಾಳು ಮಠದ ಕಮಾನಿನ ಕೆಳಗೆ ಫೋಟೋ ಹೊಡೆಸಿಕೊಂಡು, ಎಂಥ ಶಾಂತವಾದ ಊರಪ್ಪ ಎಂದು ಹೊಗಳಿ ಹೋಗುವ ಪ್ರವಾಸಿಗರು ಆ ದಿನ ಬಂದು ನೋಡಬೇಕು. ಮಠವನ್ನು ಪಾಳುಗೆಡವಿದ್ದು ಯಾರು ಅನ್ನುವುದು ತಾನಾಗೇ ಹೊಳೆಯುತ್ತದೆ.

ಡ್ಯಾಂಡ್ ಹಿಸ್ಲಪ್ ಮೇಲಿನವರ ಮೇಲಿನವನು. ಕಸುಬು ಕಲ್ಲುಗೋಡೆ ಕಟ್ಟುವುದು. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು. ಕೋಟೆಗುಡ್ಡದ ಕಾಲುದಾರಿಯುದ್ದಕ್ಕೂ ಚಾರಣಿಗರು ಬೆನ್ನು ಆನಿಸಿ ರೊಟ್ಟಿ ತಿನ್ನುವ ಗೋಡೆಯೆಲ್ಲ ಅವನದೇ. ಒಮ್ಮೆ ಎತ್ತಿದ ಕಲ್ಲನ್ನು ವಾಪಸು ಕೆಳಗಿಡಬಾರದು, ಅದಕ್ಕೊಂದು ಜಾಗ ಹುಡುಕಲೇಬೇಕು ಎಂಬುದು ಆ ಕಸುಬಿನವರ ಮಾತು. ಡ್ಯಾಂಡ್ ಅದನ್ನು ಕಲ್ಲಿಗಷ್ಟೇ ಬಿಟ್ಟಿರಲಿಲ್ಲ. ಸಿಟ್ಟನ್ನೂ ಹಾಗೇ ಎತ್ತುತ್ತಿದ್ದ, ಕೆಳಗಿಡುತ್ತಿರಲಿಲ್ಲ.

ಅವನು ಊರಿಗೆ ಬಂದ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ೧೯೬೩ರ ಆ ಘೋರ ಹಿಮದಲ್ಲಿ, ಅವನಿಗೆ ಹನ್ನೆರಡು ದಿನವಾಗಿದ್ದಾಗ, ಆಸ್ಪತ್ರೆಯಿಂದ ಬರುತ್ತಿದ್ದ ಬಸ್ಸು ಗುಡ್ಡದ ಬುಡದಲ್ಲೇ ನಿಂತುಬಿಟ್ಟಿತು. ಅವನ ತಾಯಿ, ಬಾಣಂತಿ ಎಫಿ, ಹಾಲಿನ ಲಾರಿ ಹತ್ತಿ ಕೆಳಗಿನ ಸೇತುವೆ ದಾರಿಯಿಂದ ಬಂದಳು. ಅಪ್ಪ ಟಾಮ್ ಹಿಸ್ಲಪ್ ಮಾತ್ರ ಕೂಸನ್ನು ಕೋಟಿನೊಳಗೆ ಕಟ್ಟಿಕೊಂಡು ಆರು ಮೈಲಿ ಗುಡ್ಡ ದಾಟಿದ. ಕಾಲಿನ ಎರಡು ಬೆರಳು ಹಿಮಕ್ಕೆ ಕಪ್ಪಾಗಿ ಉದುರಿದವು. ಮಗ ಮೇಲಿನವನಾದ. ಆ ಎರಡು ಬೆರಳಿನ ಋಣ ತೀರಿಸುವುದಕ್ಕೇ ಹುಟ್ಟಿದವನಂತೆ ಡ್ಯಾಂಡ್ ಬೆಳೆದ. ಏಳನೇ ವಯಸ್ಸಿಗೆ ಅಪ್ಪ ಅವನನ್ನು ಆಟದ ನೂಕುನುಗ್ಗಲಿನೊಳಗೆ ಎಸೆದ. ಎರಡು ಹಲ್ಲು ಕಳೆದುಕೊಂಡು ಹೊರಬಂದ ಮಗನಿಗೆ ಒಂದು ಗುಟುಕು ವಿಸ್ಕಿ ಕುಡಿಸಿ ಬೆನ್ನು ತಟ್ಟಿದ.

ಗಿಬ್ ಲೇಡ್ಲಾ ಕೆಳಗಿನವನು, ಸೇತುವೆ ಪಕ್ಕದ ಬೇಕರಿಯವನು. ಶಾಲೆಯಲ್ಲಿ ಡ್ಯಾಂಡ್ ಮತ್ತು ಗಿಬ್ ಒಂದೇ ಬೆಂಚಿನವರು, ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಒಂದೇ ತಟ್ಟೆಯಲ್ಲಿ ಉಂಡವರು. ೧೯೯೩ರ ಆಟದಲ್ಲಿ ಗಿಬ್ ಚೆಂಡನ್ನು ಅಂಗಿಯೊಳಗೆ ಅಡಗಿಸಿಕೊಂಡು ಹೊಳೆಗೆ ಹಾರಿದ. ಡ್ಯಾಂಡ್ ಹಿಂದೆಯೇ ಹಾರಿದ. ಎದೆಮಟ್ಟದ ತಣ್ಣೀರಿನಲ್ಲಿ ಅವನ ಕೂದಲು ಹಿಡಿದು ಮುಳುಗಿಸಿದ, ಎತ್ತಿದ, ಮತ್ತೆ ಮುಳುಗಿಸಿದ. ಗಿಬ್ ಚೆಂಡು ಬಿಡಲಿಲ್ಲ. ಆಗ ಅವನ ಮುಖವನ್ನು ಸೇತುವೆ ಕಂಬದ ಕಲ್ಲಿನ ಮೂಲೆಗೆ ಮೂರು ಸಲ ಹೊಡೆದ. ಮೂರನೇ ಏಟಿಗೆ ಗಿಬ್‌ನ ಎಡಗಣ್ಣು ಒಡೆದು ಹೋಯಿತು. ಮೇಲಿನವರು ಡ್ಯಾಂಡನನ್ನು ಹೆಗಲ ಮೇಲೆ ಹೊತ್ತು ಕೋಟೆಯವರೆಗೆ ಕುಣಿದರು. ಕುಣಿದವರಲ್ಲಿ ನಾನೂ ಒಬ್ಬ, ಹೇಳಲು ನಾಚಿಕೆಯಾಗುತ್ತದೆ.

ಆಟದಲ್ಲಿ ಆದದ್ದು ಆಟಕ್ಕೇ ಮುಗಿಯಬೇಕು ಎಂಬುದು ನಮ್ಮ ಪದ್ಧತಿ. ಪೊಲೀಸರು ಕೇಳಿದಾಗ ಗಿಬ್ ಕಾಲು ಜಾರಿ ಬಿದ್ದೆ ಎಂದ. ಡ್ಯಾಂಡ್ ಅವನನ್ನು ನೋಡಲು ಆಸ್ಪತ್ರೆಗೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಅವರಿಬ್ಬರ ನಡುವೆ ಮಾತಿಲ್ಲ, ಕಥೆಯಿಲ್ಲ. ಗಿಬ್ ಆಟ ಬಿಟ್ಟ. ಆದರೆ ಪ್ರತಿ ವರ್ಷ ಆ ದಿನ ಬೇಕರಿ ಮುಚ್ಚಿ, ಅದೇ ಕಂಬದ ಬಳಿ ದಡದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ.

ಈ ವರ್ಷದ ಆಟದ ದಿನವೇ ಡ್ಯಾಂಡನ ಮಗಳು ಕಿರ್ಸ್ಟಿ ಎಳೆಗೂಸಿನೊಂದಿಗೆ ಆಸ್ಪತ್ರೆಯಿಂದ ಹೊರಟಿದ್ದಳು. ಅಳಿಯ ನೀಲ್ ಫೋನು ಮಾಡಿ, ಗುಡ್ಡದ ದಾರಿ ಹಿಮದಿಂದ ಮುಚ್ಚಿದೆ, ಸೇತುವೆ ಕಡೆಯಿಂದ ಬರುತ್ತೇವೆ ಎಂದ. ಆಟಕ್ಕೆಂದು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಡ್ಯಾಂಡ್ ಫೋನಿನಲ್ಲೇ ಅವನ ಚರ್ಮ ಸುಲಿದ. ಗುಡ್ಡದ ಬುಡದಲ್ಲಿ ಕಾಯಿರಿ, ಟ್ರ್ಯಾಕ್ಟರ್ ತರುತ್ತೇನೆ, ನನ್ನ ಮೊಮ್ಮಗಳು ಕೆಳಗಿನವಳಾದರೆ ನಿನ್ನ ಕಾಲು ಮುರಿಯುತ್ತೇನೆ ಎಂದು ಬೈದು, ಫೋನನ್ನು ಗೋಡೆಗೆ ಎಸೆದ. ಅದು ಎರಡು ತುಂಡಾಯಿತು.

ಒಲೆಯ ಬಳಿ ಕೂತು ಗಂಜಿ ತಿರುವುತ್ತಿದ್ದ ಎಂಬತ್ತೆರಡರ ಎಫಿ ಸೌಟು ಕೆಳಗಿಟ್ಟಳು.

"ಆ ಕೂಸನ್ನ ಹಿಮದಲ್ಲಿ ಹೂತಾಕ್ಬೇಕು ಅಂತಿದ್ದೀಯೇನೋ?"

"ನಮ್ಮಪ್ಪ ನನ್ನ ಹೊತ್ಕೊಂಡು ಬರ್ಲಿಲ್ವಾ? ನಾನು ಸತ್ನಾ?"

"ಬರ್ಲಿಲ್ಲ ಕಣೋ."

ಡ್ಯಾಂಡ್ ತಿರುಗಿ ನೋಡಿದ.

"ನಾನು ಕೊಡ್ಲಿಲ್ಲ ನಿನ್ನ," ಎಂದಳು ಎಫಿ. "ಹನ್ನೆರಡು ದಿನದ ಕೂಸು. ಹಿಮಕ್ಕೆ ಕೊಡೋಕೆ ನನಗೇನು ತಲೆ ಕೆಟ್ಟಿತ್ತಾ? ಶಾಲಿನೊಳಗೆ ಮುಚ್ಕೊಂಡು ಲಾರೀಲಿ ತಂದೆ. ದಾರಿಯುದ್ದಕ್ಕೂ ಹಾಲು ಕುಡೀತಾ ನಿದ್ದೆ ಮಾಡ್ದೆ ನೀನು. ನಿಮ್ಮಪ್ಪ ಕಂಬಳಿ ಸುರುಳಿ ಸುತ್ತಿ ಕೋಟೊಳಗಿಟ್ಕೊಂಡು ಗುಡ್ಡ ಹತ್ತಿದ. ಕಂಬಳಿಗೋಸ್ಕರ ಎರಡು ಬೆರಳು ಕಳ್ಕೊಂಡ ಆ ಪುಣ್ಯಾತ್ಮ. ಬೈಬಲ್ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ದ. ಐವತ್ತೆರಡು ವರ್ಷ ಬಾಯಿ ಮುಚ್ಕೊಂಡಿದ್ದೆ, ಇನ್ನು ಸಾಕು."

ಡ್ಯಾಂಡ್ ಎದ್ದು ಆಟಕ್ಕೆ ನಡೆದ. ಟ್ರ್ಯಾಕ್ಟರಿನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಅಂದು ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಶಿಲುಬೆಯ ಬಳಿ ಚೆಂಡು ಮೇಲಕ್ಕೆ ಹಾರಿದ್ದೇ ತಡ, ಎದುರಿಗೆ ಸಿಕ್ಕವನ ಮೂಗು ಜಜ್ಜಿದ, ಇನ್ನೊಬ್ಬನ ಕೈ ತಿರುಚಿದ. ಮೇಲಿನವರು ಯಾರು, ಕೆಳಗಿನವರು ಯಾರು ಎಂದೂ ನೋಡುತ್ತಿರಲಿಲ್ಲ. ಇನ್ನೂರು ಜನರ ಮೈಯಿಂದ ಹಬೆ ಏಳುತ್ತಿತ್ತು. ಗುಂಪು ಉರುಳುತ್ತ ಉರುಳುತ್ತ ಬೀದಿ ಇಳಿದು, ದಡದ ಕಟಕಟೆ ಮುರಿದು ಹೊಳೆಗೆ ಬಿತ್ತು. ನೀರಿನಲ್ಲಿ ಚೆಂಡು ಡ್ಯಾಂಡನ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಸೇತುವೆಯ ಮೇಲೆ ನೀಲ್‌ನ ಕಾರು ಮೆಲ್ಲಗೆ ಊರೊಳಗೆ ಬಂತು. ಹಿಂದಿನ ಸೀಟಿನಲ್ಲಿ ಕಿರ್ಸ್ಟಿ ಕೂಸಿನ ಮೇಲೆ ಬಾಗಿ ಕೂತಿದ್ದಳು, ಅಪ್ಪ ನೋಡಿಯಾನೆಂಬ ಭಯದಿಂದ.

ಡ್ಯಾಂಡ್ ನೋಡಿದ. ನೋಡಿ, ಚೆಂಡನ್ನು ಎದೆಗವಚಿಕೊಂಡು ಹೊಳೆ ಹರಿಯುವ ಕಡೆಗೇ, ಕೆಳಗಿನವರ ಗಿರಣಿಯತ್ತ, ನಡೆಯತೊಡಗಿದ.

ಮೊದಲು ನಾವು ಅದೇನೋ ಉಪಾಯ ಅಂದುಕೊಂಡೆವು. ಹತ್ತು ಹೆಜ್ಜೆಯ ಮೇಲೆ ಅರ್ಥವಾಯಿತು. ಆಮೇಲೆ ಅವನನ್ನು ಹೊಡೆದವರು ಕೆಳಗಿನವರಲ್ಲ, ನಾವೇ. ಅವನ ಸ್ವಂತ ಭಾವಮೈದ ಹಿಂದಿನಿಂದ ಕಿವಿಯ ಮೇಲೆ ಗುದ್ದಿದ. ಯಾರೋ ಪಕ್ಕೆಗೆ ಮೊಣಕಾಲು ಹಾಕಿದರು, ಮೂಳೆ ಮುರಿದ ಸದ್ದು ದಡದವರಿಗೂ ಕೇಳಿಸಿತು. ದ್ರೋಹಿ, ಕೆಳಗಿನವರ ಎಂಜಲು ತಿನ್ನುವ ನಾಯಿ ಎಂದು ಬೈಯುತ್ತ ತಲೆ ಹಿಡಿದು ಮುಳುಗಿಸಿದರು. ಅವನು ಒಬ್ಬರಿಗೂ ತಿರುಗಿ ಕೈ ಎತ್ತಲಿಲ್ಲ. ಮುಳುಗಿದ, ಎದ್ದ, ರಕ್ತ ಉಗುಳಿದ, ನಡೆದ. ಕೆಳಗಿನವರು ಬೆರಗಾಗಿ ದಾರಿ ಬಿಟ್ಟರು.

ಗಿರಣಿ ಇನ್ನೂ ನೂರು ಗಜ ಇತ್ತು. ಅವನು ಅಲ್ಲಿಗೆ ಹೋಗಲಿಲ್ಲ. ಕಂಬದ ಬಳಿ ದಡ ಹತ್ತಿ, ಗಿಬ್ ಲೇಡ್ಲಾನ ಮುಂದೆ ನಿಂತು, ಚೆಂಡನ್ನು ಅವನ ಕೈಗಿಟ್ಟ. ಅಮ್ಮ ಹೇಳಿದ್ದನ್ನು ಮುರಿದ ಹಲ್ಲುಗಳ ನಡುವಿನಿಂದ ಹೇಳಿದ. ಲಾರಿ, ಶಾಲು, ಕಂಬಳಿ, ಎಲ್ಲ. ಸುತ್ತ ನಿಂತ ನಮಗೂ ಕೇಳಿಸಿತು. ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು.

"ನಾನು ನಿಮ್ಮವನೇ ಕಣೋ ಗಿಬ್," ಎಂದ ಡ್ಯಾಂಡ್. "ಮೊದಲಿಂದಾನೂ ನಿಮ್ಮವನೇ."

ಅದು ಕ್ಷಮೆ ಕೇಳುವ ಅವನ ರೀತಿ. ಅವನಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಅಷ್ಟು ಏಟು ತಿಂದದ್ದು ಗಿಬ್‌ನ ಒಂದು ಮಾತಿಗಾಗಿ ಎಂದು ಡ್ಯಾಂಡನ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಗಿಬ್ ಚೆಂಡನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ತನ್ನ ಒಂದೇ ಕಣ್ಣನ್ನು ಎತ್ತಿದ.

"ಇಪ್ಪತ್ತೆರಡು ವರ್ಷ ಕನ್ನಡಿ ಮುಂದೆ ನಿಂತು ಒಂದೇ ಮಾತು ಹೇಳ್ಕೊಂಡಿದೀನಿ, ಡ್ಯಾಂಡ್. ಅವನು ಮೇಲಿನವನು, ನಾನು ಕೆಳಗಿನವನು, ಅದಕ್ಕೇ ಹೊಡೆದ, ಬೇರೇನೂ ಇಲ್ಲ ಅಂತ. ಆ ಒಂದು ಮಾತಿನ ಮೇಲೆ ಬದುಕಿದೀನಿ. ಈಗ ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ?"

ಚೆಂಡನ್ನು ಕಾಲ ಬಳಿ ಹುಲ್ಲಿನ ಮೇಲಿಟ್ಟು ಅವನು ಬೇಕರಿಯ ಕಡೆ ಹೋದ. ಅದನ್ನು ಎತ್ತಿಕೊಳ್ಳಲು ಎರಡು ಕಡೆಯವರಲ್ಲಿ ಯಾರೂ ಮುಂದೆ ಬರಲಿಲ್ಲ. ಡ್ಯಾಂಡ್ ಪಕ್ಕೆ ಹಿಡಿದುಕೊಂಡು ಕಂಬದ ಆ ಕಲ್ಲಿನ ಮೂಲೆಯನ್ನೇ ನೋಡುತ್ತ, ಕತ್ತಲಾಗುವ ತನಕ ಅಲ್ಲೇ ಕೂತಿದ್ದ.